ರೂಪದ ಚಿಂತೆ ಬಿಟ್ಟು ಒಳಗಿನ ನೆಮ್ಮದಿಯ ಕಡೆ ಗಮನ ಕೊಡುವುದು ಹೇಗೆ?

"ಒಳಗಿನ ಸೌಂದರ್ಯವೇ ದೊಡ್ಡದು ಅಂತ ಎಲ್ಲರೂ ಹೇಳ್ತಾರೆ, ಆದರೆ ಕನ್ನಡಿ ಮುಂದೆ ನಿಂತ ಕೂಡಲೇ ಮನಸ್ಸು ಕುಗ್ಗುತ್ತೆ, ಏನು ಮಾಡಲಿ?" ಎಂದು ಕೇಳಿದ್ದೀರಿ.

ರೂಪಕ್ಕೆ ಬೆಲೆಯೇ ಇಲ್ಲ ಎಂದು ಸಮಾಧಾನ ಹೇಳಲು ನನಗೆ ಇಷ್ಟವಿಲ್ಲ, ಅದು ಸುಳ್ಳಾಗುತ್ತದೆ. ನೋಡಲು ಚೆನ್ನಾಗಿರುವವರು ಗುಣದಲ್ಲೂ ಒಳ್ಳೆಯವರೇ ಇರಬೇಕೆಂದು ಜನ ಅಂದುಕೊಳ್ಳುತ್ತಾರೆ. 1972ರಷ್ಟು ಹಿಂದೆಯೇ ಮನಶ್ಶಾಸ್ತ್ರಜ್ಞರು ಇದನ್ನು ಪ್ರಯೋಗದಲ್ಲಿ ಕಂಡಿದ್ದಾರೆ. ಆದರೆ ಹೆಚ್ಚಿನವರ ನೆಮ್ಮದಿ ಕೆಡಿಸುವುದು ತಮ್ಮ ಮುಖವನ್ನು ಪದೇ ಪದೇ ತಪಾಸಣೆ ಮಾಡುವ ಅಭ್ಯಾಸ. ಕೈ ಹಾಕಬೇಕಾದ್ದು ಅಲ್ಲಿಗೆ.

ಮೊದಲು ಕನ್ನಡಿ. ಮೂಗು ತಾಗುವಷ್ಟು ಹತ್ತಿರ ನಿಂತು ಒಂದು ಕಲೆಯನ್ನೋ ಒಂದು ಗೆರೆಯನ್ನೋ ದಿಟ್ಟಿಸಿದರೆ ಉಳಿದ ಮುಖ ಮರೆಯಾಗಿ ಅದೊಂದೇ ದೊಡ್ಡದಾಗಿ ಕಾಣುತ್ತದೆ. ಎರಡು ಮೂರು ಅಡಿ ದೂರ, ಸಹಜ ಬೆಳಕಿನಲ್ಲಿ ನಿಲ್ಲಿ. ತಲೆಯಿಂದ ಶುರುಮಾಡಿ ಪಾದದವರೆಗೆ ಕಂಡದ್ದನ್ನು ಕಂಡ ಹಾಗೆ ಹೇಳಿಕೊಳ್ಳಿ: "ಕೂದಲು ಕಪ್ಪು, ಭುಜದವರೆಗಿದೆ. ಕೆನ್ನೆಯ ಮೇಲೆ ಎರಡು ಕಂದು ಚುಕ್ಕೆ." ಐದು ನಿಮಿಷ ಸಾಕು. "ಅಸಹ್ಯ", "ದಪ್ಪ", "ಚೆಂದ" ಇಂಥ ತೀರ್ಪಿನ ಮಾತು ಬೇಡ. ಮುಟ್ಟಿ, ಹಿಸುಕಿ ನೋಡುವುದೂ ಬೇಡ. ಇಷ್ಟವಿಲ್ಲದ ಭಾಗ ಬಂದಾಗ ಒಂದೋ ಅಲ್ಲೇ ನಿಂತುಬಿಡುತ್ತೀರಿ, ಇಲ್ಲವೇ ಅದನ್ನು ಹಾರಿಸಿ ಮುಂದೆ ಹೋಗುತ್ತೀರಿ. ಸಾಮಾನ್ಯವಾಗಿ ಎಡವುವುದು ಇಲ್ಲೇ. ಉಳಿದ ಭಾಗಗಳಿಗೆ ಕೊಟ್ಟಷ್ಟೇ ಹೊತ್ತು ಅದಕ್ಕೂ ಕೊಟ್ಟು ಮುಂದೆ ಸಾಗಿ.

ಇದರ ಬದಲು "ನಾನು ತುಂಬಾ ಸುಂದರ" ಎಂದು ಜಪಿಸಿ ಎನ್ನುವವರಿದ್ದಾರೆ. ಆತ್ಮಗೌರವ ಆಗಲೇ ಕುಗ್ಗಿರುವವರಿಗೆ ನಂಬಲಾಗದ ಹೊಗಳಿಕೆ ಹೇಳಿಕೊಂಡರೆ ಮನಸ್ಸು ಇನ್ನಷ್ಟು ಕೆಡಬಹುದೆಂದು 2009ರ ಒಂದು ಅಧ್ಯಯನದಲ್ಲಿ ಕಂಡುಬಂದಿದೆ. ಒಳಗೆ "ಇಲ್ಲ, ಸುಳ್ಳು" ಎಂಬ ಉತ್ತರ ತಕ್ಷಣ ಬರುವುದರಿಂದ ಹೀಗಾಗುತ್ತದೆ. ಅದಕ್ಕೇ ಬರೀ ವರ್ಣನೆ ಸಾಕು ಎಂದದ್ದು.

ಇನ್ನು ಸೆಲ್ಫಿ. ಅದನ್ನು ನಿಮ್ಮ ಮುಖದ ಸಾಕ್ಷಿ ಎಂದು ದಯವಿಟ್ಟು ನಂಬಬೇಡಿ. ಸುಮಾರು 30 ಸೆಂಟಿಮೀಟರ್ ದೂರದಿಂದ ತೆಗೆದ ಚಿತ್ರದಲ್ಲಿ ಮೂಗಿನ ಅಗಲ, ಒಂದೂವರೆ ಮೀಟರ್ ದೂರದಿಂದ ತೆಗೆದದ್ದಕ್ಕಿಂತ ಸುಮಾರು ಶೇ. 30ರಷ್ಟು ಹೆಚ್ಚಾಗಿ ಕಾಣುತ್ತದೆ ಎಂದು 2018ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಕ್ಯಾಮೆರಾಗೆ ಮೂಗು ಹತ್ತಿರ, ಕಿವಿ ದೂರ, ಕಾರಣ ಇಷ್ಟೇ. ವಿಡಿಯೋ ಕರೆಗಳಲ್ಲಿ ನಿಮ್ಮದೇ ಮುಖ ತೋರಿಸುವ ಚೌಕವನ್ನು ಮರೆಮಾಡುವ ಸೌಲಭ್ಯವಿದ್ದರೆ ಇವತ್ತೇ ಬಳಸಿ.

ಮಾತುಕತೆಯ ನಡುವೆ "ನಾನು ಹೇಗೆ ಕಾಣ್ತಿದ್ದೀನಿ" ಎಂಬ ಯೋಚನೆ ಬಂದಾಗ ಅದರ ಜೊತೆ ವಾದಕ್ಕಿಳಿಯಬೇಡಿ. ಎದುರಿನವರು ಈಗ ಹೇಳಿದ ಕೊನೆಯ ಮಾತು ಏನು ಎಂದು ನೆನಪಿಸಿಕೊಂಡು ಅದರ ಮೇಲೊಂದು ಪ್ರಶ್ನೆ ಕೇಳಿ. ಗಮನ ಮತ್ತೆ ಜಾರುತ್ತದೆ, ಮತ್ತೆ ತನ್ನಿ. ಒಳಗಿನ ಸೌಂದರ್ಯ ಎಂದು ನಾವು ಕರೆಯುವ ಗುಣಗಳಲ್ಲಿ, ಎದುರಿನವರ ಮಾತಿಗೆ ಕಿವಿಗೊಡುವುದನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಅದು ಹೀಗೆ ಅಭ್ಯಾಸದಿಂದಲೇ ಬರುತ್ತದೆ.

ದೇಹವನ್ನು ಅಲಕ್ಷಿಸಿ ಎಂದು ಇದರರ್ಥವಲ್ಲ. ನಿದ್ದೆಗೆಟ್ಟವರ ಮುಖ ಅಪರಿಚಿತರ ಕಣ್ಣಿಗೂ ಕಳೆಗುಂದಿದಂತೆ ಕಾಣುತ್ತದೆ. ದೊಡ್ಡವರಿಗೆ ರಾತ್ರಿ ಕನಿಷ್ಠ ಏಳು ಗಂಟೆ ನಿದ್ದೆ, ವಾರಕ್ಕೆ 150 ನಿಮಿಷ ಚುರುಕಾದ ನಡಿಗೆ ಬೇಕು. ತೀವ್ರ ಜ್ವರವೋ ದೊಡ್ಡ ಮಾನಸಿಕ ಆಘಾತವೋ ಆಗಿ ಎರಡು ಮೂರು ತಿಂಗಳ ಮೇಲೆ ಕೂದಲು ಉದುರುವುದುಂಟು, ಬಹುಪಾಲು ಮತ್ತೆ ಬೆಳೆಯುತ್ತದೆ. ಉದುರುವುದು ನಿಲ್ಲದಿದ್ದರೆ ಎಣ್ಣೆ ಬದಲಿಸುತ್ತಾ ಕೂರದೆ ಕಬ್ಬಿಣಾಂಶ, ಥೈರಾಯ್ಡ್ ಪರೀಕ್ಷೆ ಮಾಡಿಸುವ ಬಗ್ಗೆ ವೈದ್ಯರನ್ನು ಕೇಳಿ.

ಒಂದು ಮಾತನ್ನು ಒತ್ತಿ ಹೇಳಬೇಕು. ಬೇರೆಯವರಿಗೆ ಕಾಣದ ಅಥವಾ ಅತಿ ಸಣ್ಣ ಕೊರತೆಯ ಬಗ್ಗೆ ದಿನಕ್ಕೆ ಒಂದು ಗಂಟೆಗೂ ಹೆಚ್ಚು ಯೋಚನೆ ಓಡುತ್ತಿದ್ದರೆ, ಅದಕ್ಕಾಗಿ ಕೆಲಸ, ಕಾಲೇಜು, ಸಮಾರಂಭ ತಪ್ಪಿಸುತ್ತಿದ್ದರೆ, ಊಟ ಬಿಡುತ್ತಿದ್ದರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಇದು ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ (ರೂಪದಲ್ಲಿ ಇಲ್ಲದ ಅಥವಾ ಅತಿ ಸಣ್ಣ ಕೊರತೆಯೇ ದೊಡ್ಡದೆನಿಸಿ ಕಾಡುವ ಮಾನಸಿಕ ಕಾಯಿಲೆ) ಅಥವಾ ಆಹಾರ ಸೇವನೆಗೆ ಸಂಬಂಧಿಸಿದ ಕಾಯಿಲೆ ಇರಬಹುದು. ಎರಡಕ್ಕೂ ಚಿಕಿತ್ಸೆ ಇದೆ. ಡಿಸ್ಮಾರ್ಫಿಕ್ ತೊಂದರೆ ಇರುವವರು ಕಾಸ್ಮೆಟಿಕ್ ಸರ್ಜರಿ ಮಾಡಿಸಿಕೊಂಡರೂ ಸಾಮಾನ್ಯವಾಗಿ ಚಿಂತೆ ಹೋಗುವುದಿಲ್ಲ, ಇನ್ನೊಂದು ಅಂಗದ ಮೇಲೆ ಹೋಗಿ ಕೂರುತ್ತದೆ. ಹಾಗಾಗಿ ಸರ್ಜನ್ ಬಳಿ ಹೋಗುವ ಮೊದಲು ಮನೋವೈದ್ಯರ ಬಳಿ ಹೋಗಿ. ಬದುಕೇ ಬೇಡ ಎನ್ನಿಸುವ ಮಟ್ಟಕ್ಕೆ ಬಂದಿದ್ದರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಇವತ್ತೇ ಹತ್ತಿರದವರಿಗೆ ತಿಳಿಸಿ, ಅವರನ್ನು ಜೊತೆಗೆ ಕರೆದುಕೊಂಡು ಆಸ್ಪತ್ರೆಗೆ ಹೋಗಿ.