ಆಟದ ಪಟ್ಟಿ ಬಿಡಿ, ನೀರಿಗಿಳಿಯದವರಿಗೆ ಜಾಗ ನೋಡಿ

ಬೇಸಿಗೆ ಶುರುವಿನಲ್ಲಿ ಅಪ್ಪ-ಅಮ್ಮ, ಮಕ್ಕಳು, ಸ್ನೇಹಿತರ ಮನೆಯವರು ಎಲ್ಲ ಸೇರಿ ಒಂದು ದಿನ ಪೂರ್ತಿ ನೀರಿನ ದಡದಲ್ಲಿ ಕಳೆಯಬೇಕು, ಯಾರಿಗೂ ಬೋರ್ ಆಗದ ಹಾಗೆ ಏನೇನು ಆಟ ಇಡಬಹುದು ಅಂತ ಕೇಳಿದ್ದೀರಿ. ಇದೇ ಯೋಚನೆ ತಲೆಯಲ್ಲಿಟ್ಟುಕೊಂಡು ನಾನೂ ಒಂದು ಸಲ ಹೊರಟಿದ್ದೆ. ಆಟಗಳೆಲ್ಲ ಚೆನ್ನಾಗಿಯೇ ನಡೆದವು. ಅಮ್ಮ ಮಾತ್ರ ಆ ರಾತ್ರಿ ಆಸ್ಪತ್ರೆಯಲ್ಲಿ ಮಲಗಬೇಕಾಯಿತು.

ಜಾಗ ಹುಡುಕುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮೊಬೈಲಿನಲ್ಲಿ ಫೋಟೊ ನೋಡಿ ನೋಡಿ ಒಂದು ಕೆರೆ ದಂಡೆ ಆರಿಸಿದೆ. ರಸ್ತೆಯಿಂದ ಸಾಕಷ್ಟು ಒಳಗೆ. ಜನ ಇಲ್ಲ, ಅಂಗಡಿ ಇಲ್ಲ. "ಯಾರ ಕಾಟವೂ ಇಲ್ಲ, ಪೂರ್ತಿ ನಮ್ದೇ" ಅಂತ ಗ್ರೂಪಿಗೆ ಹಾಕಿದೆ. ಎಲ್ಲರೂ ಖುಷಿಪಟ್ಟರು. ಗಂಟೆಗೊಂದು ಕಾರ್ಯಕ್ರಮ ಬರೆದಿಟ್ಟೆ, ಮಕ್ಕಳಿಗೆ ಬೇರೆ, ದೊಡ್ಡವರಿಗೆ ಬೇರೆ. ಹಗ್ಗ, ಚೆಂಡು, ಗಾಳಿ ತುಂಬುವ ಟ್ಯೂಬು ಎಲ್ಲ ಕಟ್ಟಿಕೊಂಡೆ. ಕುಡಿಯುವ ನೀರಿನ ಬಾಟಲಿಗಳನ್ನೂ ಪೆಟ್ಟಿಗೆಗಟ್ಟಲೆ ತುಂಬಿಕೊಂಡೆ.

ಕಾರು ನಿಲ್ಲಿಸಿ, ಸಾಮಾನು ಹೊತ್ತುಕೊಂಡು ದಡಕ್ಕೆ ಬಂದೆವು. ನಾನು ಟ್ಯೂಬಿಗೆ ಗಾಳಿ ತುಂಬುತ್ತಾ ಕೂತಿದ್ದೆ. ಅಮ್ಮ ಹತ್ತಿರ ಬಂದು ಮೆಲ್ಲಗೆ ಕೇಳಿದಳು, "ಇಲ್ಲಿ ಬಾತ್‌ರೂಮ್ ಎಲ್ಲಿದೆಯೋ?" ನಾನು ತಲೆ ಎತ್ತದೆ, "ಬಾತ್‌ರೂಮ್ ಎಲ್ಲ ಇಲ್ಲಮ್ಮ, ಆ ಪೊದೆ ಹಿಂದೆ ಯಾರೂ ಬರಲ್ಲ, ಅಲ್ಲೇ ಹೋದ್ರಾಯ್ತು" ಅಂದೆ. "ಆಯ್ತು ಬಿಡು" ಅಂದಳು. ಹೋಗಿ ಅತ್ತೆಯ ಪಕ್ಕ ಚಾಪೆ ಮೇಲೆ ಕೂತಳು.

ದಿನ ನಿಜಕ್ಕೂ ಸೊಗಸಾಗಿತ್ತು. ನೀರಿನ ಕಡೆಯಿಂದ ತಂಪು ಗಾಳಿ. ಮಕ್ಕಳು ನೀರು ಬಿಟ್ಟು ಮೇಲೆ ಬರಲು ಒಪ್ಪಲಿಲ್ಲ. ಭಾವ ಚಪ್ಪಟೆ ಕಲ್ಲು ಹುಡುಕಿ ಹುಡುಕಿ ನೀರಿನ ಮೇಲೆ ಕುಪ್ಪಳಿಸುವುದನ್ನು ಎಲ್ಲರಿಗೂ ಕಲಿಸಿದ. ನಾನು ಆಗಾಗ ಚಾಪೆ ಹತ್ತಿರ ಬಂದು "ನೀರು ಕುಡೀರಿ, ಜಾಸ್ತಿ ಕುಡೀರಿ" ಅಂತ ಹೇಳಿ ಹೋಗುತ್ತಿದ್ದೆ. ಅಮ್ಮನ ಮಡಿಲಲ್ಲಿ ಬಾಟಲಿ ಕಾಣುತ್ತಿತ್ತು. ಸರಿ, ಕುಡೀತಿದ್ದಾಳೆ ಅಂದುಕೊಂಡೆ.

ಮಧ್ಯಾಹ್ನ ಮೂರರ ಸುಮಾರಿಗೆ ಚಾಪೆ ಮಡಚಲು ಎದ್ದವಳು ಹಾಗೇ ಕುಸಿದು ಕೂತಳು. ಕಣ್ಣು ಕತ್ತಲೆ ಬರ್ತಿದೆ ಅಂದಳು. ವಾಂತಿ ಮಾಡಿಕೊಂಡಳು. ಕೈ-ಕಾಲು ನಡುಗುತ್ತಿತ್ತು. ಕಾರಿನವರೆಗೆ ಆ ಕಲ್ಲು ದಾರಿಯಲ್ಲಿ ನಾನು, ಭಾವ ಇಬ್ಬರೂ ಎತ್ತಿಕೊಂಡೇ ಹೋಗಬೇಕಾಯಿತು. ಯಾರೂ ಬರದ ಜಾಗ ಅಂತ ಹೆಮ್ಮೆಪಟ್ಟಿದ್ದೆನಲ್ಲ, ಅಲ್ಲಿಂದ ಆಸ್ಪತ್ರೆ ಎಷ್ಟು ದೂರ ಅನ್ನುವುದು ಆಗ ಗೊತ್ತಾಯಿತು. ಡಾಕ್ಟರು ಡ್ರಿಪ್ ಹಾಕಿ, "ಬೆಳಗ್ಗೆಯಿಂದ ಎಷ್ಟು ನೀರು ಕುಡಿದ್ರಿ?" ಅಂತ ಕೇಳಿದರು. "ಮನೇಲಿ ಕಾಫಿ ಕುಡಿದಿದ್ದೆ" ಅಂದಳು. ಮರುದಿನ ಕಾರು ತೊಳೆಯುವಾಗ ಸೀಟಿನ ಕೆಳಗೆ ಅವಳ ಬಾಟಲಿ ಸಿಕ್ಕಿತು. ಮುಚ್ಚಳದ ಸೀಲು ಕೂಡ ಒಡೆದಿರಲಿಲ್ಲ.

ಇದನ್ನು ಹೇಳಿದಾಗಲೆಲ್ಲ ಜನ "ವಯಸ್ಸಾದವರು ಬಿಸಿಲಲ್ಲಿ ನೀರು ಕುಡೀಬೇಕಪ್ಪ" ಅನ್ನುತ್ತಾರೆ. ತಪ್ಪು ಅಲ್ಲಿಲ್ಲ. ನೀರು ಕುಡಿಯಬೇಕು ಅಂತ ಅಮ್ಮನಿಗೆ ಗೊತ್ತಿಲ್ಲವಾ? ಎಲ್ಲಿಗೆ ಹೋಗಬೇಕು ಅಂತ ಗೊತ್ತಿಲ್ಲದವರು ಕುಡಿಯುವುದಿಲ್ಲ, ಅಷ್ಟೇ. "ಪೊದೆ ಹಿಂದೆ" ಅಂದ ಕ್ಷಣವೇ ಅವಳು ಆ ದಿನದ ಲೆಕ್ಕ ಹಾಕಿಬಿಟ್ಟಿದ್ದಳು. ಮೊಣಕಾಲು ನೋವಿರುವವಳು ಕುಕ್ಕರುಗಾಲಲ್ಲಿ ಕೂತು ಏಳುವುದು ಹೇಗೆ? ಅಳಿಯ, ಮಗನ ಸ್ನೇಹಿತರು, ಅವರ ಹೆಂಡತಿಯರು ಓಡಾಡುವ ಕಡೆ ಹೋಗುವುದು ಹೇಗೆ? ಜೊತೆಗೆ ಬಿಪಿ ಮಾತ್ರೆ ಬೇರೆ. ಬಿಪಿಗೆ ಕೊಡುವ ಕೆಲವು ಮಾತ್ರೆಗಳು ಮೂತ್ರವನ್ನು ಹೆಚ್ಚಿಸುತ್ತವೆ. ಅವಳದ್ದು ಅಂಥದ್ದೇ. ಅಂದರೆ ಒಳಗಿನ ನೀರು ಹೋಗುತ್ತಲೇ ಇತ್ತು, ಹೊರಗಿನಿಂದ ಏನೂ ಬರುತ್ತಿರಲಿಲ್ಲ. ಅತ್ತೆಯವರೂ ಅವತ್ತು ಬರೀ ತುಟಿ ಒದ್ದೆ ಮಾಡಿಕೊಂಡಿದ್ದರಂತೆ. ನನ್ನ ಹೆಂಡತಿಯೂ ಹಾಗೇ ಮಾಡಿದ್ದಳು. ನಮ್ಮ ಗುಂಪಿನ ಹೆಂಗಸರೆಲ್ಲ ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಒಂದೇ ಲೆಕ್ಕ ಹಾಕಿದ್ದರು. ಗಂಡಸರಿಗೆ ಯಾರಿಗೂ ಅದು ಹೊಳೆದೇ ಇರಲಿಲ್ಲ.

ಆಮೇಲೆ ಎಲ್ಲಿಗೆ ಕರೆದರೂ ಅಮ್ಮನದ್ದು ಒಂದೇ ಮಾತು: "ನೀವು ಹೋಗ್ಬನ್ನಿ, ನಾನು ಮನೆ ನೋಡ್ಕೋತೀನಿ." ನಾನು ಕಳೆದುಕೊಂಡದ್ದು ಇದು. ಆಸ್ಪತ್ರೆ ಖರ್ಚು ಯಾವ ಲೆಕ್ಕ!

ಬೇಸಿಗೆ ಶುರುವಿನ ದಿನಗಳು ಹಿತ, ಕಡುಬೇಸಿಗೆಯಲ್ಲಿ ಮಾತ್ರ ಹುಷಾರಾಗಿರಬೇಕು ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ನನಗೆ ಶುರುವಿನ ದಿನಗಳೇ ಜಾಸ್ತಿ ಭಯ. ದೇಹ ಬಿಸಿಲಿಗೆ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಆಮೇಲೆ ಬೆವರು ಬೇಗ ಬರುತ್ತದೆ, ಉಪ್ಪಿನ ಅಂಶ ಕಡಿಮೆ ಹೋಗುತ್ತದೆ. ಮೊದಲ ಬಿಸಿಲಿನಲ್ಲಿ ಅದು ಯಾವುದೂ ತಯಾರಿರುವುದಿಲ್ಲ. ವಯಸ್ಸಾದವರಿಗೆ ಬಾಯಾರಿಕೆ ಗೊತ್ತಾಗುವುದೂ ಕಡಿಮೆ. ಇದರ ಮೇಲೆ ನೀರಿನ ದಡದ ಗಾಳಿ ಮೋಸ ಮಾಡುತ್ತದೆ. ಹಗಲಲ್ಲಿ ನೆಲ ಬೇಗ ಕಾಯುತ್ತದೆ, ನೀರು ನಿಧಾನಕ್ಕೆ ಕಾಯುತ್ತದೆ. ನೆಲದ ಮೇಲಿನ ಬಿಸಿ ಗಾಳಿ ಮೇಲೇರಿದಾಗ ನೀರಿನ ಕಡೆಯ ತಂಪು ಗಾಳಿ ದಡಕ್ಕೆ ನುಗ್ಗುತ್ತದೆ. ಬೆವರು ಬಂದದ್ದು ಬಂದ ಹಾಗೆ ಆರಿಹೋಗುತ್ತದೆ. ಸೆಖೆ ಅನ್ನಿಸುವುದೇ ಇಲ್ಲ, ಒಳಗೆ ನೀರು ಮಾತ್ರ ಖಾಲಿಯಾಗುತ್ತಿರುತ್ತದೆ. ಚರ್ಮ ಸುಡುವ ಕಿರಣಕ್ಕಂತೂ ಸೆಖೆಯ ಸಂಬಂಧವೇ ಇಲ್ಲ, ಸೂರ್ಯ ಎಷ್ಟು ಮೇಲಿದ್ದಾನೆ ಅನ್ನುವುದು ಮುಖ್ಯ. ಒಣ ಮರಳು ಅದರಲ್ಲಿ ಸುಮಾರು ಶೇ. 15ರಷ್ಟನ್ನು, ಸಮುದ್ರದ ನೊರೆ ಸುಮಾರು ಶೇ. 25ರಷ್ಟನ್ನು ತಿರುಗಿ ನಮ್ಮ ಮೇಲೇ ಎಸೆಯುತ್ತದೆ. ಅರ್ಧ ಮೀಟರ್ ನೀರಿನ ಕೆಳಗೂ ಶೇ. 40ರಷ್ಟು ಇಳಿಯುತ್ತದೆ. ನೀರಲ್ಲಿದ್ದೇವೆ, ಬಿಸಿಲು ತಾಗಲ್ಲ ಅನ್ನುವ ಹಾಗಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಆಟದ ಪಟ್ಟಿ ಮಾಡಲೇಬೇಡಿ. ನೀರು, ಕೆಸರು, ಕಲ್ಲು ಸಿಕ್ಕಿದ ಮಕ್ಕಳಿಗೆ ಯಾರೂ ಆಟ ಹೇಳಿಕೊಡಬೇಕಾಗಿಲ್ಲ. ಹದಿಹರೆಯದವರಿಗೆ ಬೇಕಾಗಿರುವುದು ನೀವು ಸುಮ್ನೆ ಬಿಡುವುದು. ಗಂಟೆಗೊಂದು ಆಟ ಇಟ್ಟರೆ ಕೂತಿರುವವರು ಚಪ್ಪಾಳೆ ತಟ್ಟಲು ಬಂದವರಾಗಿಬಿಡುತ್ತಾರೆ. ನೀರಿಗಿಳಿಯುವವರು ತಮ್ಮ ಪಾಡಿಗೆ ಖುಷಿಯಾಗಿರುತ್ತಾರೆ. ಇಡೀ ದಿನ ಚೆನ್ನಾಗಿರುತ್ತದೋ ಇಲ್ಲವೋ ಅನ್ನುವುದು ದಡದಲ್ಲಿ ಕೂತವರ ಮೇಲೆ ನಿಂತಿದೆ. ಅಜ್ಜಿ, ಬಸುರಿ ಹೆಂಗಸು, ಕೂಸು ಎತ್ತಿಕೊಂಡವಳು, ಸಕ್ಕರೆ ಕಾಯಿಲೆ ಇರುವ ಚಿಕ್ಕಪ್ಪ. ಅವರು ಆರಾಮಾಗಿದ್ದರೆ ಯಾರೂ "ಹೊರಡೋಣ್ವಾ" ಅನ್ನುವುದಿಲ್ಲ.

ನನ್ನ ಪ್ರಕಾರ ಜಾಗ ಆರಿಸುವಾಗ ಶೌಚಾಲಯ ಮೊದಲು, ನೆರಳು ಎರಡನೆಯದು, ನೀರು ಮೂರನೆಯದು. ಇದನ್ನು ಓದಿ ಕೆಲವರಿಗೆ ಸಿಟ್ಟು ಬರಬಹುದು. ಜನರಿಲ್ಲದ ದಡದಲ್ಲೇ ಮಜಾ, ಗೊತ್ತು. ಅಲ್ಲಿಗೆ ಸ್ನೇಹಿತರಷ್ಟೇ ಇನ್ನೊಂದು ದಿನ ಹೋಗಿ. ಮೂರು ತಲೆಮಾರು ಕಟ್ಟಿಕೊಂಡು ಹೋಗುವಾಗ ಫೋಟೊದಲ್ಲಿ ಚೆನ್ನಾಗಿ ಕಾಣುವ ಜಾಗ ಬೇಡ.

ನೆರಳಿನ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಇದರಲ್ಲಿ ಎಲ್ಲರೂ ಎಡವುತ್ತಾರೆ. ಬೆಳಗ್ಗೆ ಹೋದಾಗ ನೆರಳು ಮರದ ಪಶ್ಚಿಮಕ್ಕೆ ಬಿದ್ದಿರುತ್ತದೆ. ಅಲ್ಲೇ ಚಾಪೆ ಹಾಸುತ್ತೇವೆ, ಬುತ್ತಿ, ಬ್ಯಾಗು, ಬಟ್ಟೆ ಎಲ್ಲ ಹರಡುತ್ತೇವೆ. ಮಧ್ಯಾಹ್ನ ನೆರಳು ಬುಡಕ್ಕೆ ಸರಿಯುತ್ತದೆ, ಆಮೇಲೆ ಪೂರ್ವಕ್ಕೆ ಹೋಗುತ್ತದೆ. ಅಷ್ಟರಲ್ಲಿ ಆ ಕಡೆ ಬೇರೆಯವರು ಕೂತಿರುತ್ತಾರೆ. ವಯಸ್ಸಾದವರು ಬಿಸಿಲು ಬಂತು ಅಂತ ಬಾಯಿಬಿಟ್ಟು ಹೇಳಲ್ಲ, ಸೆರಗು ತಲೆ ಮೇಲೆ ಎಳೆದುಕೊಳ್ಳುತ್ತಾರೆ. ಹಾಗೆ ಎಳೆದುಕೊಂಡದ್ದು ಕಂಡರೆ ಆ ಕ್ಷಣವೇ ಜಾಗ ಬದಲಿಸಿ. ಇನ್ನೂ ಒಳ್ಳೆಯದು ಅಂದರೆ ಒಂದೇ ಮರ ನಂಬದೆ ನಾಲ್ಕಾರು ಮರ ಒಟ್ಟಿಗಿರುವ ಕಡೆ ಕೂರುವುದು.

ದಿನ ಪೂರ್ತಿ ಅಂತ ಬೇರೆ ಬರೆದಿದ್ದೀರಿ. ಬೇಡ. ಬೆಳಕು ಹರಿಯುವ ಹೊತ್ತಿಗೆ ಹೋಗಿ ಹತ್ತೂವರೆ, ಹನ್ನೊಂದಕ್ಕೆ ಹೊರಡಿ. ಇಲ್ಲ, ಸಂಜೆ ನಾಲ್ಕರ ಮೇಲೆ ಹೋಗಿ. ನಾವು ಈಗ ಹೀಗೇ ಮಾಡುವುದು. ಅಮ್ಮ ಮತ್ತೆ ಬರಲು ಒಪ್ಪಿದ್ದು ಯಾಕೆ ಗೊತ್ತಾ? ಅವಳು ಕೇಳುವ ಮೊದಲೇ ನಾನು ಹೇಳಿದ್ದಕ್ಕೆ. "ಅಲ್ಲಿ ಕಮೋಡ್ ಇರೋ ಬಾತ್‌ರೂಮ್ ಇದೆ, ನಾನೇ ಹೋಗಿ ನೋಡಿ ಬಂದಿದ್ದೀನಿ, ಕೂತಲ್ಲಿಂದ ಎಪ್ಪತ್ತು-ಎಂಬತ್ತು ಹೆಜ್ಜೆ ಅಷ್ಟೆ." ಒಂದು ತಗ್ಗು ಕುರ್ಚಿ ಒಯ್ದು, ಮರದ ನೆರಳು ನೀರಿಗೆ ಬೀಳುವ ಕಡೆ ಹಾಕಿದೆವು. ಪಾದ ಮುಳುಗುವಷ್ಟೇ ನೀರು. ಅವಳು ಸೀರೆ ಸ್ವಲ್ಪ ಮೇಲೆತ್ತಿ ಕಾಲು ಇಳಿಬಿಟ್ಟು ಕೂತಳು. ಮೊಮ್ಮಕ್ಕಳು ಮೀನಿನ ಮರಿ ಹಿಡಿದು ಅವಳ ಕಾಲ ಹತ್ತಿರ ತಂದು ಬಿಡುತ್ತಿದ್ದರು, ಅವಳು ಕಾಲು ಎಳೆದುಕೊಂಡು ಕಿರುಚುತ್ತಿದ್ದಳು. ಬಾಟಲಿಯ ಮೇಲೆ ಬಾಟಲಿ ನೀರು ಖಾಲಿಯಾಯಿತು. ಆ ಆಟ ಯಾರೂ ಯೋಜನೆ ಹಾಕಿದ್ದಲ್ಲ.

ಪಟ್ಟಿ ಮಾಡಲೇಬೇಕು ಅನ್ನಿಸಿದರೆ ಒಂದು ವಿಷಯಕ್ಕೆ ಮಾಡಿ: ಮಕ್ಕಳ ಮೇಲೆ ಯಾರು, ಎಷ್ಟು ಹೊತ್ತು ಕಣ್ಣಿಡಬೇಕು ಅನ್ನುವುದಕ್ಕೆ. ಸರದಿಯಲ್ಲಿರುವವರು ಫೋನು ಮುಟ್ಟಬಾರದು, ಹರಟೆಗೆ ಕೂರಬಾರದು. ಇಪ್ಪತ್ತು ನಿಮಿಷಕ್ಕೊಮ್ಮೆ ಆಳು ಬದಲಾಗಲಿ, ಬದಲಾಗುವಾಗ "ಈಗ ನೀನು" ಅಂತ ಬಾಯಿಬಿಟ್ಟು ಹೇಳಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅದರಲ್ಲಿ ಹತ್ತಿರ ಹತ್ತಿರ ಕಾಲು ಭಾಗ 5 ವರ್ಷದೊಳಗಿನ ಮಕ್ಕಳು. ಮುಳುಗುವ ಮಗು ಕೂಗಿ ಕರೆಯುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿದ್ದಾಗ ಉಸಿರು ಎಳೆದುಕೊಳ್ಳುವುದೇ ಕಷ್ಟ, ಕೂಗುವುದೆಲ್ಲಿ ಬಂತು? ಗಲಾಟೆ ಮಾಡುತ್ತಿದ್ದ ಮಗು ಸುಮ್ಮನಾದರೆ ಮೊದಲು ಆ ಕಡೆ ನೋಡಿ. ಗಾಳಿ ಟ್ಯೂಬು ಆಟದ ಸಾಮಾನು, ಅದನ್ನು ರಕ್ಷಣೆ ಅಂತ ನಂಬಬೇಡಿ. ಗಾಳಿ ಬೀಸಿದರೆ ಮಗುವಿನ ಸಮೇತ ಒಳಗೆ ಹೋಗಿಬಿಡುತ್ತದೆ. ಮೈಗೆ ಸರಿಯಾಗಿ ಕಟ್ಟಿದ ಲೈಫ್ ಜಾಕೆಟ್ಟೇ ಬೇಕು. ಯಾರಾದರೂ ಸಿಕ್ಕಿಕೊಂಡರೆ ಈಜು ಚೆನ್ನಾಗಿ ಬರದವರು ಹಿಂದೆ ಹಾರಬಾರದು. ಹಗ್ಗ, ಉದ್ದ ಕೋಲು, ಬಿಗಿಯಾಗಿ ಮುಚ್ಚಿದ ಖಾಲಿ ಕ್ಯಾನು, ಕೈಗೆ ಸಿಕ್ಕಿದ್ದನ್ನು ಎಸೆಯಿರಿ.

ಶುರುವಿನ ಬೇಸಿಗೆಯಲ್ಲಿ ದಡದ ಹತ್ತಿರ ನೀರು ಬೆಚ್ಚಗಿರುತ್ತದೆ, ಆಳದಲ್ಲಿ ಇನ್ನೂ ತಣ್ಣಗಿರಬಹುದು. ದಿಢೀರನೆ ತೀರಾ ತಣ್ಣನೆಯ ನೀರಿಗೆ ಬಿದ್ದರೆ ಬೇಡವೆಂದರೂ ಒಮ್ಮೆ ಜೋರಾಗಿ ಉಸಿರು ಒಳಗೆಳೆಯುತ್ತೇವೆ. ಆಗ ತಲೆ ನೀರೊಳಗಿದ್ದರೆ ಕಥೆ ಮುಗಿಯಿತು. ಮೇಲಿನಿಂದ ಹಾರಬೇಡಿ, ನಡೆದುಕೊಂಡು ಇಳಿಯಿರಿ. ಹೊಳೆಯಾದರೆ ಮೇಲೆ ಅಣೆಕಟ್ಟು ಇದೆಯಾ ಅಂತ ಕೇಳಿ ತಿಳಿದುಕೊಳ್ಳಿ. ಗೇಟು ತೆಗೆದರೆ ಆಕಾಶ ತಿಳಿಯಾಗಿದ್ದರೂ ನೀರು ಏರುತ್ತದೆ.

ಯಾರಿಗಾದರೂ ತಲೆಸುತ್ತು, ತಲೆನೋವು, ವಾಕರಿಕೆ ಬಂದರೆ ನೆರಳಿಗೆ ಕರೆದೊಯ್ದು, ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆ ಹಾಕಿ ಗಾಳಿ ಬೀಸಿ. ಎಚ್ಚರವಿದ್ದರೆ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಿ. ಚಮಚ ಅಂದರೆ ಟೀ ಚಮಚ. ಮಾತು ತಡವರಿಸಿದರೆ, ಏನೇನೋ ಹೇಳತೊಡಗಿದರೆ ಬಾಯಿಗೆ ಏನೂ ಹಾಕಬೇಡಿ. ಮೈ ತಣ್ಣಗೆ ಮಾಡುತ್ತಲೇ ಆಸ್ಪತ್ರೆಗೆ ಓಡಿ.

ದಿನ ಇನ್ನೂ ಗೊತ್ತುಮಾಡಿಲ್ಲ ಅಂದಿದ್ದೀರಿ, ಒಳ್ಳೆಯದಾಯಿತು. ಮೊದಲು ನೀವೊಬ್ಬರೇ ಹೋಗಿ ಆ ಜಾಗ ನೋಡಿ ಬನ್ನಿ. ಕಾರು ನಿಲ್ಲಿಸಿದ ಕಡೆಯಿಂದ ದಡದವರೆಗೆ ಮಂಡಿ ನೋವಿನವರು ನಡೆಯಬಹುದಾ, ಅಲ್ಲಿ ಮೊಬೈಲ್ ಸಿಗ್ನಲ್ ಸಿಗುತ್ತಾ, ಶೌಚಾಲಯಕ್ಕೆ ಬೀಗ ಹಾಕಿಲ್ಲ ತಾನೆ, ಒಳಗಿನಿಂದ ಚಿಲಕ ಬೀಳುತ್ತಾ, ನಲ್ಲಿ ತಿರುಗಿಸಿದರೆ ನೀರು ಬರುತ್ತಾ, ಇಷ್ಟನ್ನೂ ಖುದ್ದಾಗಿ ನೋಡಿ. ಬಂದ ಮೇಲೆ ಮನೆಯ ಹೆಂಗಸರಿಗೂ ಹಿರಿಯರಿಗೂ ಅವರು ಕೇಳುವ ಮೊದಲೇ ಇದನ್ನೆಲ್ಲ ಹೇಳಿ. ಅವರು ಹೂಂ ಅಂದ ಮೇಲೆ ಉಳಿದವರಿಗೆ ಮೆಸೇಜ್ ಹಾಕಿ.