ಬೀಜಿಂಗ್ ಬ್ಯೂರೋದ ಸಂಶೋಧಕರು ವರದಿಗಾರರಲ್ವಾ?

ಬೀಜಿಂಗ್‌ನಿಂದ ಬರುವ ವಿದೇಶಿ ಪತ್ರಿಕೆಗಳ ಸುದ್ದಿಯಲ್ಲಿ ಅಲ್ಲಿನ ಕಚೇರಿಯಲ್ಲಿ (ಬ್ಯೂರೋ) 'ಸಂಶೋಧಕರು' ಎನಿಸಿಕೊಂಡ ಚೀನೀ ಸಿಬ್ಬಂದಿಯ ಹೆಸರು ಕೊನೆಯಲ್ಲಿ, ಸಣ್ಣದಾಗಿ ಯಾಕಿರುತ್ತದೆ ಎಂದು ಕೇಳಿದ್ದೀರಿ. ಕೆಲಸ ನೋಡಿದರೆ ಅವರೂ ವರದಿಗಾರರೇ. ಕಾನೂನು ಮಾತ್ರ ಒಪ್ಪುವುದಿಲ್ಲ. 2008ರ ನಿಯಮದ ಪ್ರಕಾರ ಚೀನೀ ಪ್ರಜೆಗಳು ವಿದೇಶಿ ಬ್ಯೂರೋಗಳಲ್ಲಿ ಸಹಾಯಕರಾಗಿ ಮಾತ್ರ ಇರಬಹುದು, ಅದೂ ಸರ್ಕಾರ ಗೊತ್ತುಮಾಡಿದ ಸಂಸ್ಥೆಯ ಮೂಲಕ.

ಆದರೆ ಚೀನೀ ಸಾಮಾಜಿಕ ಜಾಲತಾಣ ವೈಬೋ ಜಾಲಾಡುವುದು, ಫೋನ್ ಎತ್ತದ ಕೌಂಟಿ ಕಚೇರಿಯ ಬೆನ್ನು ಬೀಳುವುದು, ಹೆದರಿ ಬಾಗಿಲು ಹಾಕಿಕೊಂಡ ರೈತನನ್ನು ಮಾತಿಗೆಳೆಯುವುದು ಎಲ್ಲ ಇವರೇ. ಎಡವಟ್ಟಾದರೆ ವಿದೇಶಿ ವರದಿಗಾರನ ವೀಸಾ ಹೋಗಬಹುದು, ಇವರು ಜೈಲಿಗೇ ಹೋಗಬಹುದು. ನ್ಯೂಯಾರ್ಕ್ ಟೈಮ್ಸ್‌ನ ಸಂಶೋಧಕ ಝಾವೊ ಯಾನ್ ಅವರನ್ನು 2004ರಲ್ಲಿ ಬಂಧಿಸಿದರು. ರಹಸ್ಯ ಸೋರಿಕೆಯ ಆರೋಪ ಕೋರ್ಟಿನಲ್ಲಿ ನಿಲ್ಲಲಿಲ್ಲ. ಆದರೂ ವಂಚನೆಯ ಹೆಸರಲ್ಲಿ 3 ವರ್ಷ ಒಳಗಿದ್ದು, 2007ರಲ್ಲಿ ಹೊರಬಂದರು. ಹೀಗಿರುವಾಗ ಹೆಸರೇ ಬೇಡ ಅನ್ನುವವರೂ ಇರುತ್ತಾರೆ, ಸುಮ್ನೆ ಅಲ್ಲ.