ಓದುಗರ ಪ್ರಶ್ನೆ: ಕಡಲೆ ಬೇಯದು, ಸೊಪ್ಪು ಕಪ್ಪಾಗುತ್ತದೆ

ಪ್ರಶ್ನೆ: ಹಾಲು, ಮೊಸರು, ತುಪ್ಪಗಳನ್ನು ಬಿಟ್ಟ ಮೇಲೆ ನಾನು ಮಾಡುವ ಕಾಬೂಲಿ ಕಡಲೆ ಮತ್ತು ಪಾಲಕ್ ಸೊಪ್ಪಿನ ಸಾಗು ನೀರುನೀರಾಗುತ್ತದೆ. ಕಡಲೆ ಎಷ್ಟು ಬೇಯಿಸಿದರೂ ಗಟ್ಟಿಯಾಗಿಯೇ ಉಳಿಯುತ್ತದೆ, ಸೊಪ್ಪು ಕಪ್ಪಾಗುತ್ತದೆ. ತಪ್ಪು ಎಲ್ಲಿದೆ?

ಉತ್ತರ: ಕಡಲೆಯನ್ನು ನೀವು ಟೊಮೆಟೊ ಅಥವಾ ಹುಣಸೆಹುಳಿಯ ಜೊತೆಗೇ ಬೇಯಲು ಇಡುತ್ತಿದ್ದೀರೆಂದು ನನ್ನ ಊಹೆ. ಕಾಳಿನ ಜೀವಕೋಶಗಳನ್ನು ಬೆಸೆದಿರುವ ಪೆಕ್ಟಿನ್ ಕರಗದಂತೆ ಹುಳಿಯು ತಡೆಯುವುದರಿಂದ, ಅದರಲ್ಲಿ ಎಷ್ಟು ಹೊತ್ತು ಕುದಿಸಿದರೂ ಕಾಳು ಸುಲಭವಾಗಿ ಮೆತ್ತಗಾಗುವುದಿಲ್ಲ. ಗಡಸು ನೀರಿನ ಕ್ಯಾಲ್ಸಿಯಂ ಕೂಡ ಇದೇ ತೊಂದರೆ ಕೊಡುತ್ತದೆ. ಒಂದು ಲೋಟ ಕಡಲೆಯನ್ನು 8ರಿಂದ 10 ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿಗೆ ಉಪ್ಪು ಮತ್ತು ಒಂದೇ ಚಿಟಿಕೆ ಅಡುಗೆ ಸೋಡಾ ಹಾಕಿ ಕುಕ್ಕರಿನಲ್ಲಿ ಬೇಯಿಸಿ. (ಸೋಡಾ ಹೆಚ್ಚಾದರೆ ಸಾಬೂನಿನ ರುಚಿ ಬರುತ್ತದೆ, ಕೈ ಬಿಗಿಹಿಡಿಯಿರಿ.) ಎರಡು ಬೆರಳುಗಳ ನಡುವೆ ಒತ್ತಿದಾಗ ಕಾಳು ನಡುವೆ ಗಂಟು ಉಳಿಯದೆ ನುಣ್ಣಗೆ ಹಿಸುಕಿಹೋದರೆ ಬೆಂದಿದೆ ಎಂದರ್ಥ.

ಎಣ್ಣೆಯಲ್ಲಿ ಜೀರಿಗೆ, ಈರುಳ್ಳಿ, ಶುಂಠಿ, ಬೆಳ್ಳುಳ್ಳಿ ಬಾಡಿಸಿ, ಟೊಮೆಟೊ ಕರಗಿ ಎಣ್ಣೆ ಬಿಟ್ಟ ಮೇಲಷ್ಟೇ ಕಡಲೆಯನ್ನು ಬೇಯಿಸಿದ ನೀರಿನೊಂದಿಗೆ ಸೇರಿಸಿ. ಗಟ್ಟಿತನಕ್ಕೆ ಕೆನೆಯಾಗಲಿ ಗೋಡಂಬಿಯಾಗಲಿ ಬೇಕಿಲ್ಲ. ಒಂದು ಸೌಟು ಕಡಲೆಯನ್ನು ಪಾತ್ರೆಯ ಅಂಚಿಗೆ ಒತ್ತಿ ಅರೆದರೆ ಸಾಕು.

ಹೆಚ್ಚಿದ ಸೊಪ್ಪನ್ನು ಕೊನೆಯಲ್ಲಿ ಹಾಕಿ, ಮುಚ್ಚಳ ತೆರೆದಿಟ್ಟು 3 ನಿಮಿಷ ಮಾತ್ರ ಬೇಯಿಸಿ. ಹೆಚ್ಚು ಹೊತ್ತಿನ ಬಿಸಿ ಮತ್ತು ಹುಳಿ ಎರಡೂ ಅದರ ಹಸಿರನ್ನು ಕೆಡಿಸುತ್ತವೆ. ನಿಂಬೆರಸವನ್ನು ಒಲೆ ಆರಿಸಿದ ಮೇಲೆ ಹಿಂಡಿ.